ಸುಟ್ಟ ರಟ್ಟಿನ ಗೋಡೆ

ಬಿಜಾಪುರದ ಶಮೀಮ್ ಆಂಟಿ ಅರಿಜೋನಾದ ಮರುಭೂಮಿಯಲ್ಲಿ ಮಗಳ ಸಂಸಾರಕ್ಕೆ ಎಸಿ ಹೆಚ್ಚು ಬೇಡದ ಮನೆ ಕಟ್ಟಿಸುವವರಿದ್ದರು. ಜನವರಿಯಲ್ಲಿ, ಹೊರಗೆ ಹಿಮ ಬೀಳುವಾಗ, ನಾನು ಮಾಡಿದ್ದ ಆ ಮನೆಯ ರಟ್ಟಿನ ಮಾಡೆಲ್ ನೋಡಲು ದೂರದ ಉತ್ತರದ ವೆಸ್ಟ್‌ಮಂಟ್‌ನ ನನ್ನ ಆರ್ಕಿಟೆಕ್ಟ್ ಆಫೀಸಿಗೆ ಬಂದರು. ಪಶ್ಚಿಮದ ಗೋಡೆ ಮುಟ್ಟಿದವರೇ ಕೈ ಹಿಂದಕ್ಕೆಳೆದುಕೊಂಡರು.

“ಈ ಗ್ವಾಡಿ ಸುಡಾಕತ್ತೈತಲ್ಲಪಾ. ಮಗಳ ಕೂಸು ಇದರ ಮಗ್ಗಲಕ್ಕ ಮಲಗೂದಲ್ಲೇನು?”

“ರಟ್ಟು ಆಂಟಿ, ಅದು ಹೇಗೆ ಸುಡತ್ತೆ?” ಎಂದು ನಕ್ಕೆ.

ಅವರು ಹೋದಮೇಲೆ ನಕ್ಷೆ ತೆಗೆದು ನೋಡಿದೆ. ಬಿಸಿಲು ತಡೆಯಲು ಎಲ್ಲ ಗೋಡೆಗಳಿಗೂ ಎರಡು ಪದರ ಬರೆದಿದ್ದವನು ಪಶ್ಚಿಮದ ಅದೊಂದಕ್ಕೆ ಮರೆತಿದ್ದೆ. ಸುಮ್ಮನೆ ಮಾಡೆಲಿನ ಗೋಡೆಗೆ ಬೆರಳಿಟ್ಟೆ.

ನಕ್ಷೆಯನ್ನು ಅವತ್ತೇ ತಿದ್ದಿದೆ. ಬೆರಳಿನ ಬೊಬ್ಬೆ ಒಣಗಲು ವಾರ ಹಿಡಿಯಿತು. ಹೆಂಡತಿಗೆ ದೋಸೆ ಕಾವಲಿ ತಗುಲಿತು ಅಂದೆ. ಮದುವೆಯಾದಾಗಿನಿಂದ ನಾನು ಒಲೆ ಹಚ್ಚಿದವನಲ್ಲ ಅಂತ ಅವಳು ನೆನಪಿಸಲಿಲ್ಲ, ಪುಣ್ಯ.