ಗ್ಯಾರೇಜಿನಲ್ಲಿ ಬೆಂದ ಟರ್ಕಿ

ಒಲೆಯ ಮುಂದೆ ಆಂಟಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಾತ್ರೆಯ ಹಬೆಯನ್ನು ಬಲಗೈಯಿಂದ ಮೆಲ್ಲಗೆ ತಮ್ಮತ್ತ ಬೀಸಿಕೊಂಡು, ಮೂಗುಬೊಟ್ಟಿನ ಮೇಲೆ ನೀರಹನಿ ಕೂರುವಷ್ಟು ಹತ್ತಿರ ಬಗ್ಗಿ ಉಸಿರೆಳೆದು, "ಉಪ್ಪು ಸ್ವಲ್ಪ ಕಡಿಮೆ ಉಂಟು" ಎನ್ನುತ್ತಿದ್ದರು. ಸೌಟಿನಿಂದ ಅಂಗೈಗೆ ಹನಿ ಹಾಕಿ ನೆಕ್ಕಿದ್ದನ್ನು ನಾನು ಎಂದೂ ನೋಡಲಿಲ್ಲ. ಉಡುಪಿಯಲ್ಲಿ ಅವರ ತಂದೆ ಮದುವೆ, ಉಪನಯನಗಳಿಗೆ ಅಡುಗೆ ಮಾಡುತ್ತಿದ್ದವರು. ದೇವರಿಗೆ ಇಡುವ ಮೊದಲು ರುಚಿ ನೋಡುವ ಕ್ರಮ ಆ ಮನೆಯಲ್ಲಿ ಇರಲಿಲ್ಲ. ಮೂಗಿಗೆ ಗೊತ್ತಾಗದಿದ್ದರೆ ಅವನು ಅಡುಗೆಯವನೇ ಅಲ್ಲ ಎಂದು ತಂದೆ ಹೇಳುತ್ತಿದ್ದರಂತೆ.

ನಾನು ಧಾರವಾಡದವಳು. ಅಮೆರಿಕದ ನಾರ್ತ್‌ರಿಜ್‌ನಲ್ಲಿ ಎಂ.ಎಸ್. ಓದುವಾಗ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಂಕಲ್ ಆಗಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸ್ಯಾನ್ ಡಿಯೇಗೋದಲ್ಲಿದ್ದಳು. ನಾನು ಹೆಚ್ಚು ಮಾತಾಡುವವಳಲ್ಲ. ಆಂಟಿ ಅದನ್ನು ತಿದ್ದಲು ಹೋಗಲಿಲ್ಲ, ತಮಾಷೆ ಮಾತ್ರ ಮಾಡುತ್ತಿದ್ದರು. "ಈ ಹುಡುಗಿ ಮನೆಯಲ್ಲಿ ಇದ್ದಾಳಾ ಇಲ್ವಾ ಅಂತ ಫ್ರಿಜ್ ತೆಗೆದು ನೋಡಿಯೇ ತಿಳ್ಕೊಳ್ಳಬೇಕು ಮಾರಾಯ್ತಿ" ಎಂದು ಮಗಳಿಗೆ ಫೋನಿನಲ್ಲಿ ಹೇಳುವುದು ನನಗೆ ಕೇಳಿಸುತ್ತಿತ್ತು.

ಕೋವಿಡ್ ಬಂದ ವರ್ಷ ಪಕ್ಕದ ಮನೆಯ ಹೆಂಗಸು ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ. ಅವರ ಗಂಡ, ಎತ್ತರದ ಅಮೆರಿಕನ್ ಮುದುಕರು, ಒಬ್ಬರೇ ಉಳಿದರು. ನೋಡುನೋಡುತ್ತ ಅವರ ಪ್ಯಾಂಟು ಸಡಿಲವಾಯಿತು. ಆಂಟಿ ಬಾಗಿಲಲ್ಲಿ ಇಟ್ಟುಬರುತ್ತಿದ್ದ ಅನ್ನ, ಸಾರಿನ ಡಬ್ಬಿಗಳನ್ನು ವಿನಯದಿಂದ ಒಳಗೆ ಒಯ್ಯುತ್ತಿದ್ದರು. ಕಸದ ಗಾಡಿ ಬರುವ ದಿನ ಅವು ಮುಚ್ಚಳ ಸಮೇತ ಅವರ ಬಿನ್ನಿನಲ್ಲಿ ಕಾಣುತ್ತಿದ್ದವು. ಆಂಟಿಗೆ ಕೋಪ ಬರಲಿಲ್ಲ, ಹೆದರಿಕೆಯಾಯಿತು.

"ಆ ಮನುಷ್ಯ ಉಣ್ತಾ ಇಲ್ಲ. ಹೀಗೇ ಆದ್ರೆ ಅವರೂ ಹೋಗಿಬಿಡ್ತಾರೆ."

"ನಮ್ಮ ಅಡಗಿ ಅವ್ರಿಗೆ ಸೇರೂದಿಲ್ಲೇನೋ, ಆಂಟಿ," ಎಂದೆ.

"ಹಾಗಾದ್ರೆ ಅವರದ್ದನ್ನೇ ಮಾಡುವ. ಅವರ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬಂತಲ್ಲ. ಟರ್ಕಿ ಕೋಳಿ."

ನಾನು ನಕ್ಕೆ. ಅವರು ನಗಲಿಲ್ಲ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು ಅವರು. ಅವರ ಅಡುಗೆಮನೆಗೆ ಬೆಳ್ಳುಳ್ಳಿ ಕೂಡ ಬರುತ್ತಿರಲಿಲ್ಲ.

"ಅಂಕಲ್ ಹೋದಾಗ ಪಕ್ಕದ ಮನೆಯ ಆ ಹೆಂಗಸು ಮ್ಯಾಕರೋನಿ ಮಾಡಿ ತಂದಿದ್ರು. ತನ್ನ ಪಾತ್ರೆಗಳಲ್ಲೆಲ್ಲ ಮಾಂಸ ಬೇಯಿಸಿದ್ದು ಅಂತ ಹೊಸ ಪಾತ್ರೆ ತಂದು ಅದರಲ್ಲಿ ಮಾಡಿದ್ದು. ಅದನ್ನು ಅವರಿಗೆ ಯಾರು ಹೇಳಿಕೊಟ್ಟಿದ್ರು?"

ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ, ಕರೆಂಟಿನ ಹೊಸ ಸ್ಲೋ ಕುಕ್ಕರ್ ಬಂತು. ಗ್ಯಾರೇಜಿನಲ್ಲಿ, ಅಂಕಲ್ ರಿಪೇರಿ ಕೆಲಸ ಮಾಡುತ್ತಿದ್ದ ಮೇಜಿನ ಮೇಲೆ ಅದಕ್ಕೆ ಜಾಗವಾಯಿತು. ಇಡೀ ಹಕ್ಕಿ ಅದರಲ್ಲಿ ಹಿಡಿಸುವುದಿಲ್ಲ ಎಂದು ಮಗಳು ಹೇಳಿದ್ದರಿಂದ ಮೂಳೆಯಿರುವ ಎದೆಭಾಗವನ್ನಷ್ಟೇ ತಂದೆವು. ಹಬ್ಬದ ದಿನ ಬೆಳಿಗ್ಗೆ ನಾನು ಕೈಗವಸುಗಳನ್ನು ಮುಂದೆ ಹಿಡಿದೆ. ಆಂಟಿ ಬೇಡವೆಂದರು. "ಇದು ಹಾಕಿದ್ರೆ ಉಪ್ಪು ಎಲ್ಲಿ ಹಿಡೀತು, ಎಲ್ಲಿ ಇಲ್ಲ ಅಂತ ಕೈಗೆ ಗೊತ್ತಾಗುದಿಲ್ಲ." ಜೀವಮಾನದಲ್ಲಿ ಮಾಂಸ ಮುಟ್ಟದ ಬೆರಳುಗಳು ಆ ತಣ್ಣನೆಯ ತುಂಡಿನ ಮೇಲೆ ಒಂದು ಕ್ಷಣ ನಿಂತವು. ಆಮೇಲೆ ಕಡುಬಿಗೆ ಹಿಟ್ಟು ನಾದುವಷ್ಟೇ ಶ್ರದ್ಧೆಯಿಂದ ಬೆಣ್ಣೆ, ಉಪ್ಪು, ಕರಿಮೆಣಸಿನ ಪುಡಿ ಸವರಿದವು. ಕೊನೆಗೆ ಅರಿಶಿನವನ್ನೂ.

ಅಷ್ಟರಲ್ಲಿ ಮಗಳು ವಿಡಿಯೋದಲ್ಲಿ ಬಂದಳು. "ಅಮ್ಮಾ, ನೋ! ಅರಿಶಿನ ಯಾಕೆ? ನೋಬಡಿ ಡಸ್ ದಟ್!"

"ಊರಲ್ಲಿ ಮೀನಿಗೆ ಮೊದಲು ಅರಿಶಿನ ಹಚ್ತಾರೆ. ಇದಕ್ಕೆ ಮಾತ್ರ ಬೇಡ್ವಾ? ನೀನು ಸುಮ್ಮನಿರು."

ತಳದಲ್ಲಿ ಕ್ಯಾರೆಟ್, ಸೆಲರಿ ದಂಟು ಹಾಸಿ, ಮೇಲೆ ಮಾಂಸವಿಟ್ಟು ಮುಚ್ಚಿದೆವು. ಮುಚ್ಚಳ ತೆಗೆದರೆ ಕಾವು ಹೋಗುತ್ತದೆ ಎಂದು ಮಗಳು ಎಚ್ಚರಿಸಿದ್ದಳು. ಹಾಗಾಗಿ ಮುಚ್ಚಳದ ಅಂಚಿನಲ್ಲಿ ಸೋರುವ ಹಬೆಗೇ ಆಂಟಿ ಆಗಾಗ ಮೂಗು ಕೊಡುತ್ತಿದ್ದರು. ತಮಗೆ ಪರಿಚಯವೇ ಇಲ್ಲದ ವಾಸನೆ ಅದು. ಮುಖ ಕಿವುಚಲಿಲ್ಲ. ಮಧ್ಯಾಹ್ನ ಕಳೆದ ಮೇಲೆ, "ಈಗ ಹಸಿ ವಾಸನೆ ಹೋಯ್ತು ನೋಡು" ಎಂದರು. ನಾನು ನಂಬದೆ ಮಾಂಸದ ಕಾವು ಅಳೆಯುವ ಥರ್ಮಾಮೀಟರ್ ಚುಚ್ಚಿದೆ. ಬೆಂದಿತ್ತು. ಸ್ಲೋ ಕುಕ್ಕರಿನಲ್ಲಿ ಬೆಂದ ಮಾಂಸ ಬಿಳಿಚಿಕೊಂಡಿರುತ್ತದಂತೆ. ಅರಿಶಿನದಿಂದಾಗಿ ಇದು ಹೊಂಬಣ್ಣಕ್ಕೆ ತಿರುಗಿತ್ತು. ಫೋನಿನಲ್ಲಿ ನೋಡಿದ ಮಗಳು, "ಓಕೆ, ಫೈನ್" ಎಂದಳು.

ಆಂಟಿ ಸ್ನಾನ ಮಾಡಿ, ಸೀರೆ ಬದಲಿಸಿ, ಮಾಸ್ಕ್ ಹಾಕಿಕೊಂಡು ಫಾಯಿಲ್ ಹಾಳೆ ಮುಚ್ಚಿದ ತಟ್ಟೆ ಕೊಟ್ಟುಬಂದರು. ಮುದುಕರು ಥ್ಯಾಂಕ್ಸ್ ಹೇಳಿ, ಆಮೇಲೆ ತಿನ್ನುತ್ತೇನೆಂದು ಬಾಗಿಲು ಹಾಕಿಕೊಂಡರು.

ಆಂಟಿ ಮಡಚುವ ಕುರ್ಚಿ ತಂದು, ಮನೆಯೆದುರು ಕಾರು ನಿಲ್ಲಿಸುವ ನಮ್ಮ ಡ್ರೈವ್‌ವೇಯಲ್ಲಿ, ಆ ಬಾಗಿಲಿಗೆ ಎದುರಾಗಿ ಕುಳಿತರು.

"ಒಳಗ ಬರ್ರಿ ಆಂಟಿ. ಮುಂಜಾನೆಯಿಂದ ಏನೂ ತಿಂದಿಲ್ಲ ನೀವು."

"ಬಡಿಸಿ ಆಗಿದೆ. ಅವರು ಉಣ್ಣದೆ ನಾನು ಹೇಗೆ ಉಣ್ಣುದು?"

"ಇದೆಲ್ಲಾ ಅವ್ರಿಗೇನು ಗೊತ್ತರಿ?"

"ಅವರಿಗೆ ಗೊತ್ತಿಲ್ಲ. ನಂಗೆ ಗೊತ್ತುಂಟಲ್ಲ."

ಅದು ಹಟವಾಗಿರಲಿಲ್ಲ. ಅವರ ಮುಖದಲ್ಲಿ ಹಸಿವಿತ್ತು, ಅಷ್ಟೇ. ಬಿಸಿಲು ಇಳಿಯುತ್ತಿತ್ತು, ಒಣಗಾಳಿ ಬೀಸುತ್ತಿತ್ತು. ಕಿಟಕಿಯ ಪರದೆ ಎರಡು ಸಲ ಸರಿಯಿತು. ಕೊನೆಗೆ ಮುದುಕರು ಹೊರಗೆ ಬಂದು ಆಂಟಿಗೆ ಏನಾಗಿದೆ ಎಂದು ನನ್ನನ್ನು ಕೇಳಿದರು. ಹಲೋ ಬಿಟ್ಟು ಬೇರೇನನ್ನೂ ನಾನು ಅವರೊಡನೆ ಆಡಿದವಳಲ್ಲ. "ನೀವು ಊಟ ಮಾಡುವವರೆಗೆ ಇವರು ಊಟ ಮಾಡುವ ಹಾಗಿಲ್ಲ," ಎಂದೆ.

ಅವರು ಆಂಟಿಯನ್ನು ನೋಡಿದರು. ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಆದರೆ ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ತಟ್ಟೆ ಹಿಡಿದು ಹೊರಬಂದು, ತಮ್ಮ ಡ್ರೈವ್‌ವೇಯಲ್ಲಿ ಕುಳಿತು ಫಾಯಿಲ್ ಬಿಡಿಸಿದರು. ಹಳದಿ ಬಣ್ಣ ಕಂಡು ಹುಬ್ಬೇರಿಸಿದರು. ಒಂದು ತುಂಡು ತಿಂದರು, ಇನ್ನೊಂದು ತಿಂದರು.

"ನನ್ನ ಹೆಂಡತಿಯ ಟರ್ಕಿ ಪ್ರತಿ ವರ್ಷವೂ ಒಣಗಿರುತ್ತಿತ್ತು," ಎಂದರು. "ನಾನು ಒಮ್ಮೆಯೂ ಹೇಳಲಿಲ್ಲ." ಅಳುತ್ತಲೇ ತಿನ್ನುವುದನ್ನು ಮುಂದುವರಿಸಿದರು.

ಆಂಟಿ ಇಂಗ್ಲಿಷಿನಲ್ಲಿ ಉಪ್ಪು ಸರಿಯಿದೆಯೇ ಎಂದಷ್ಟೇ ಕೇಳಿದರು. ಸರಿಯಾಗಿದೆ ಎಂದರು ಅವರು. ತಟ್ಟೆ ಖಾಲಿಯಾದ ಮೇಲೆ ಆಂಟಿ ಎದ್ದರು. "ಬಾ, ಇನ್ನು ನಾವು ಉಣ್ಣುವ."

ಮುದುಕರಿಗಾಗಿ ಆಂಟಿ ತಮ್ಮ ನಿಯಮಗಳನ್ನು ಬದಿಗಿಟ್ಟರು ಎಂದು ಬಹಳ ಕಾಲ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ರುಚಿ ನೋಡದೆ ಬೇಯಿಸುವುದು, ಬಡಿಸಿದವರು ಕೊನೆಗೆ ಉಣ್ಣುವುದು, ಎಲ್ಲ ಅವರ ನಿಯಮಗಳೇ. ಅವು ಅಷ್ಟು ದೂರ ಹೋಗಬಲ್ಲವು ಎಂದು ನನಗೆ ತಿಳಿದಿರಲಿಲ್ಲ. ಆ ಸಂಜೆಯ ಬೆರಗು ಇನ್ನೂ ಇಳಿದಿಲ್ಲ.

ಮುಂದೆ ನನಗೆ ಹತ್ತಿರದ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಕೆಲಸ ಸಿಕ್ಕಿತು. ಮಂಡಿನೋವು ಹೆಚ್ಚಾಗಿ ಆಂಟಿ ಮಗಳ ಮನೆಗೆ ಹೋದರು. ಕಳೆದ ವರ್ಷ ಅಲ್ಲಿಯೇ, ನಿದ್ದೆಯಲ್ಲಿ ತೀರಿಕೊಂಡರು. ಬೆಳಿಗ್ಗೆ ಮಗಳು ಫೋನ್ ಮಾಡಿದಾಗ ಪುರೋಹಿತರು ಸಿಕ್ಕರೇ, ಯಾರಿಗೆಲ್ಲ ತಿಳಿಸಬೇಕು ಎಂದು ಎಲ್ಲ ಕೇಳಿ, ಮುದುಕರಿಗೆ ನಾನೇ ಹೇಳುತ್ತೇನೆಂದು ಮಧ್ಯಾಹ್ನ ನಾರ್ತ್‌ರಿಜ್‌ಗೆ ಹೋದೆ. ಸುದ್ದಿ ಕೇಳಿ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಮಗಳು ಏನಾದರೂ ತಿಂದಳಾ?" ಎಂದರು.

ಅದೊಂದನ್ನು ನಾನು ಕೇಳಿರಲಿಲ್ಲ. ಅವರು ಒಳಗೆ ಹೋಗಿ ಜಾಕೆಟ್ ಹಾಕಿಕೊಂಡು ಬಂದರು. ಈಗ ಹೊರಟರೆ ಕತ್ತಲಾಗುವುದರೊಳಗೆ ಸ್ಯಾನ್ ಡಿಯೇಗೋ ಸೇರಬಹುದು, ನೀನು ಡ್ರೈವ್ ಮಾಡು ಎಂದರು. ನನ್ನ ಕಾರಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಳ್ಳುತ್ತ ಕೇಳಿದರು:

"ಆ ಹುಡುಗಿಗೆ ಏನು ಇಷ್ಟ?"