ಪಕ್ಕದ ಮನೆಯ ಸಾಕ್ಷಿ

“ಹುಡುಗಿ ಕಾಯಂ ಎಲ್ಲಿ ಇರ್ತಾಳ್ರಿ?” ವಿಜಯಪುರದ ಕೋರ್ಟಿನಲ್ಲಿ ವಕೀಲರು ನನ್ನನ್ನು ಕೇಳಿದರು. ಮುದ್ದೇಬಿಹಾಳದ ನಮ್ಮ ಪಕ್ಕದ ಮನೆಯಾಕೆ ಗಂಡನನ್ನು ಬಿಟ್ಟು, ಆರು ವರ್ಷದ ಮಗಳೊಂದಿಗೆ ದುಬೈಯಿಂದ ತವರಿಗೆ ಬಂದಿದ್ದಾಳೆ. ಮಗು ಯಾರ ಹತ್ತಿರ ಇರಬೇಕೆಂಬ ಕೇಸು ಇಲ್ಲೇ ನಡೆಯಲಿ ಎಂದು ಅವಳು, ದುಬೈ ಕೋರ್ಟಿನಲ್ಲೇ ನಡೆಯಲಿ ಎಂದು ಗಂಡ. ಹುಡುಗಿ ಕಾಯಂ ಇರುವ ಊರಿನ ಕೋರ್ಟೇ ಕೇಸು ನಡೆಸಬೇಕಂತೆ. ಸುಳ್ಳು ಹೇಳುವುದಿಲ್ಲವೆಂದು ಆಗಷ್ಟೇ ಪ್ರಮಾಣ ಮಾಡಿದ್ದೆ. “ನಮ್ಮನ್ಯಾಗ್ರಿ,” ಎಂದೆ. “ಅವ್ರ ಮನ್ಯಾಗ ಬರೇ ಫೋನಿನ ಜಗಳ. ಸಾಲಿ ಬಿಟ್ಟ ಕೂಡ್ಲೆ ನಮ್ಮನಿಗೆ ಬರ್ತಾಳ.” ನನ್ನ ಸಾಕ್ಷಿ ಎರಡೂ ಕಡೆಯ ವಕೀಲರಿಗೆ ಬೇಡವಾಯಿತು.

ಸಂಜೆ ಹುಡುಗಿ ಎಂದಿನಂತೆ ಬಂದು ತಾಟಿನ ಮುಂದೆ ಕೂತಳು. “ಕಾಕು, ನನ್ನ ಯಾವ ಕೋರ್ಟಿಗೆ ಕೊಟ್ರು?”

ಬೆಳಿಗ್ಗೆಯ ಪ್ರಮಾಣ ಇನ್ನೂ ನೆನಪಿತ್ತು. ‘ಯಾವ ಕೋರ್ಟಿಗೂ ಕೊಡೂದಿಲ್ಲವ್ವಾ’ ಎನ್ನಲು ಬಾಯಿ ಬರಲಿಲ್ಲ. ರೊಟ್ಟಿ ಬಡಿಸಿದೆ.