ಜಂಬಕ್ಕನ ಸೆರಗು

ಅದಿರಿನ ಲಾರಿ ಬಂತೆಂದರೆ ವಡ್ಡು ಎಂಬ ಊರಿನ ಜಂಬಕ್ಕನ ಕೈ ತಾನಾಗಿಯೇ ಸೆರಗಿಗೆ ಹೋಗುತ್ತಿತ್ತು. ಮೊದಲು ಗಂಡ ಮೂಕಪ್ಪನ ಮೂಗು ಮುಚ್ಚಿ, ಆಮೇಲೆ ತನ್ನದು. ಮೂಕಪ್ಪ ಗಣಿಯಲ್ಲಿ ಕಲ್ಲು ಒಡೆದು ಉಬ್ಬಸ ಹಚ್ಚಿಕೊಂಡವನು. ಕೆಂಪು ಧೂಳು ಚೂರು ಒಳಗೆ ಹೋದರೂ ಎದೆ ಸೀಟಿ ಹೊಡೆಯುತ್ತಿತ್ತು.

"ನೋಡ್ರಲೇ, ಹೊಸಾ ಮದುವಿ ಆದೋರಂಗ ಮುದುಕಗ ಸೆರಗು ಹೊಚ್ಚತಾಳ" ಎಂದು ಓಣಿಯ ಹೆಂಗಸರು ನಗುತ್ತಿದ್ದರು.

"ನಿಮ್ಮ ಗಂಡಂದಿರಿಗೂ ಹೊಚ್ರಿ, ಯಾರು ಬ್ಯಾಡ ಅಂದಾರ?" ಎನ್ನುತ್ತಿದ್ದಳು ಜಂಬಕ್ಕ.

ಲಾರಿಗಳಿಗೆ ತಾಡಪಾಲು ಹೊದಿಸಬೇಕೆಂದು ಊರವರು ರಸ್ತೆಯಲ್ಲಿ ಕುಳಿತ ದಿನ, ಗಂಡನ ಎದೆಯ ಸಲುವಾಗಿ ಅವಳೂ ಮುಂದಿನ ಸಾಲಿನಲ್ಲಿ ಕುಳಿತಳು. ಮಧ್ಯಾಹ್ನ ಯಾರೋ ಕಲ್ಲು ತೂರಿದರು. ಚದುರಿರೆಂದು ಪೊಲೀಸರು ಕೂಗಿದರೂ ಜನ ಏಳಲಿಲ್ಲ. ಢಬ್ ಎಂದು ಸದ್ದಾಯಿತು. ಬಿಳಿ ಹೊಗೆ ಉಗುಳುತ್ತ ಡಬ್ಬಿಯೊಂದು ಅವಳ ಮುಂದೆಯೇ ಉರುಳಿತು. ಕಣ್ಣಿಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡು, ಗೋಡೆ ತಡವುತ್ತ ಮನೆ ಸೇರಿದಳು.

"ಅಶ್ರುವಾಯು ಬಿಟ್ಟಾರ್ರಿ. ಗಾಳಿ ಅದು, ಒಳಗ ಬರಾಕ ಬಿಡಬಾರ್ದು" ಎಂದು ಬಾಗಿಲು, ಕಿಟಕಿ ಎಲ್ಲ ಹಾಕಿದಳು. ಮೂಕಪ್ಪ ಕೆಮ್ಮಿದ. ಅವಳು ಎಂದಿನಂತೆ ಸೆರಗಿನಿಂದ ಅವನ ಮೂಗು ಮುಚ್ಚಿದಳು. ಅವನು ಕೆಮ್ಮಿದಷ್ಟೂ ಅವಳು ಒತ್ತಿ ಹಿಡಿದಳು. ಕೊನೆಗೆ ಅವಳನ್ನು ತಳ್ಳಿ ಅವನು ನೆಲಕ್ಕೆ ಬಿದ್ದಾಗ ತುಟಿ ನೀಲಿಯಾಗಿತ್ತು.

ಸಂಡೂರಿನ ಆಸ್ಪತ್ರೆಯಲ್ಲಿ ನರ್ಸ್ ಸಂಘಮಿತ್ರಾ ಅವನಿಗೆ ಆಕ್ಸಿಜನ್ ಹಾಕಿದಳು. ಜಂಬಕ್ಕ ಹತ್ತಿರ ಬಂದಾಗ ನರ್ಸಿಗೂ ಕಣ್ಣು ಉರಿಯಿತು.

"ಸೀರಿ ಬದಲಿ ಮಾಡಿಲ್ಲೇನಮ್ಮ?"

"ಗಾಳಿ ಸೀರ್ಯಾಗ ಎಲ್ಲಿ ಕುಂದರ್ತೈತ್ರಿ ಸಿಸ್ಟರ್?"

"ಹೆಸರಷ್ಟ ವಾಯು. ಅದು ರಾಸಾಯನಿಕದ ಸಣ್ಣ ಪುಡಿ. ಹೊಗಿ ಜೋಡಿ ಹಾರಿ ಬಟ್ಟಿಗೆ, ಕೂದಲಿಗೆ ಹತ್ಕೊಂತೈತಿ. ಬೆವರು, ಕಣ್ಣೀರು ತಾಕಿದಲ್ಲೆಲ್ಲ ಉರಿತೈತಿ. ಗಟ್ಟಿ ಇದ್ದೋರು ಬಯಲಾಗ ನಿಂತು ನೀರಿಂದ ತೊಳ್ಕೊಂಡ್ರ ಇಳಿತೈತಿ. ಉಬ್ಬಸದೋರಿಗೆ ಮುಚ್ಚಿದ ಮನ್ಯಾಗ ಜೀವಕ್ಕ ಬರ್ತೈತಿ."

ಜಂಬಕ್ಕ ಸೆರಗನ್ನು ತಿರುಗಿಸಿ ನೋಡಿದಳು. ಏನೂ ಕಾಣಲಿಲ್ಲ. ಅದನ್ನೇ ಗಂಡನ ಮೂಗಿಗೆ ಒತ್ತಿ ಹಿಡಿದಿದ್ದನ್ನು ಅವಳು ಹೇಳಲಿಲ್ಲ.

"ಇಂಥಾದ್ದು ಹಾಕಾಕ ಕಾಯ್ದೆ ಐತೇನ್ರಿ?"

"ಯುದ್ಧದಾಗ ವೈರಿ ಮ್ಯಾಲ ಹಾಕಂಗಿಲ್ಲ ಅಂತ ದೇಶ ದೇಶಗಳು ಒಪ್ಪಂದ ಮಾಡ್ಕೊಂಡಾವ. ಊರಾಗ ಗುಂಪು ಚದುರಸಾಕ ಮಾತ್ರ ಪೊಲೀಸ್ರಿಗೆ ಅವಕಾಶ ಐತಿ."

ಮಾಸ್ಕಿನೊಳಗಿಂದ ಮೂಕಪ್ಪ ಗೊಣಗಿದ: "ನಾವು ವೈರಿ ಆಗಿದ್ರ ಚಲೋ ಇತ್ತಲೇ."

ಅವನು ಉಳಿದು ಮನೆಗೆ ಬಂದ. ಜಂಬಕ್ಕ ಆ ಸೀರೆಯನ್ನು ಬಣ್ಣ ಹೋಗುವ ತನಕ ಒಗೆದಳು. ಒಂದು ಸಂಜೆ ಅದನ್ನೇ ಉಟ್ಟು ಗಂಡನ ಪಕ್ಕ ಕಟ್ಟೆಯ ಮೇಲೆ ಕುಳಿತಿದ್ದಾಗ ಅದಿರಿನ ಲಾರಿ ಬಂತು, ತಾಡಪಾಲಿಲ್ಲದೆ. ಅವಳ ಕೈ ಸೆರಗಿಗೆ ಹೋಯಿತು. ಮೂಕಪ್ಪ ಥಟ್ಟನೆ ಮುಖ ಹಿಂದಕ್ಕೆಳೆದ.

"ತೊಳ್ದೀನ್ರಿ" ಎಂದಳು.

"ಗೊತ್ತೈತಿ" ಎಂದು ಅವನು ತನ್ನ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. ಜಂಬಕ್ಕ ಸೆರಗು ಹಿಡಿದ ಕೈಯನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡಳು. ತನ್ನ ಮೂಗು ಮುಚ್ಚಿಕೊಳ್ಳುವುದನ್ನೂ ಮರೆತಳು.